ಪರ್ಯಾಯ ಫಲಕ

ಕ್ರೀಡಾ ಶುಲ್ಕ ತಲೆಗೆ ನೂರಾ ಎಂಬತ್ತು.
ಹತ್ತೊಂಬತ್ತು ವರ್ಷ ಆ ರಸೀದಿ ಹರಿದು ಕೊಟ್ಟವಳು ನಾನು,
ಫ್ಲೇವಿಯಾ, ಕೌಂಟರ್ ಮೂರು.
ಬಸ್ಸಿಗಲ್ಲದೆ ಮತ್ತೊಂದಕ್ಕೆ ಓಡಿದವಳಲ್ಲ,
ಆದರೂ ಓಟಕ್ಕೆಷ್ಟಾಗುತ್ತದೆ ನನ್ನನ್ನು ಕೇಳಿ:
ಸುಣ್ಣದ ಪುಡಿ ಆರು ಚೀಲ, ಗ್ಲೂಕೋಸು,
ಬಾಳೆಹಣ್ಣು ಒಂದು ಗೊನೆ,
ಉಡುಪಿಗೆ ಹೋಗಿ ಬರಲು ಹದಿನಾಲ್ಕು ಮಂದಿಯ ಟಿಕೇಟು,
ಸೆವ್ರಿನ್ ಮಾಸ್ಟ್ರಿಗೆ ವರ್ಷ ವರ್ಷ ಹೊಸ ವಿಸಿಲು.
ಹಳೆಯದು ಎಲ್ಲಿ ಹೋಗುತ್ತದೋ
ಆಡಿಟಿನವರಿಗೂ ಸಿಕ್ಕಿಲ್ಲ.

ಉಡುಪಿ ಕಾಲೇಜೆಂದರೆ ನಮಗೆ ಹಲ್ಲುನೋವು.
ನಾಲ್ಕು ನಾನೂರರ ರಿಲೇ, ಕೊನೆಯ ಸುತ್ತು,
ಅವರ ಚಂಚಲಾ ಕಾಂಚನ್, ನಮ್ಮ ಝೀನತ್,
ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ,
ಪೆವಿಲಿಯನ್ನಿನಲ್ಲಿ ಗೋಳಿಬಜೆ ಕೈಯಲ್ಲೇ ತಣಿಯುತ್ತಿತ್ತು.
ಆಮೇಲೆ ಒಂದೇ ಬಾಟಲಿಯ ನೀರು,
ತುಳುವಿನಲ್ಲಿ ಬೈಗುಳ,
ಮುಂದಿನ ವರ್ಷ ನೋಡಿಕೊಳ್ಳುತ್ತೇನೆ ಎಂಬ ಮಾತು.

ಮುಂದಿನ ವರ್ಷ ನಾವು ವಿಶ್ವವಿದ್ಯಾಲಯ ಆದೆವು.
ಗೇಟಿನ ಬೋರ್ಡು ಬದಲಾಯಿತು, ಗೇಟು ಅದೇ.
ಹಳೆಯ ಕೂಟದಿಂದ ಹೆಸರು ಹಿಂದಕ್ಕೆ,
ಹೊಸದರಲ್ಲಿ ಸೇರ್ಪಡೆ: ಸಾಗರ ಲೀಗ್.
ಹದಿನಾರು ವಿಶ್ವವಿದ್ಯಾಲಯ.
ಒಂಬತ್ತರ ಊರಿನಲ್ಲಿ ಸಮುದ್ರವೇ ಇಲ್ಲ ಮಾರಾಯ್ರೆ,
ನಾನು ಭೂಪಟ ಬಿಚ್ಚಿ ನೋಡಿದೆ.
ಇನ್ನು ನಮ್ಮ ಬದ್ಧವೈರಿ ಗಾಜಿಯಾಬಾದು.
ಎರಡು ರಾತ್ರಿ ರೈಲು.
ಅವರ ಮೇಲೆ ನಮಗೆ ಸಿಟ್ಟು ಬರುವುದಾದರೂ ಹೇಗೆ?

ಟಿವಿಯ ಪಾಲು, ಪೈಪು ಕಂಪನಿಯ ಪಾಲು ಸೇರಿ
ವರ್ಷಕ್ಕೆ ಐವತ್ತು ಲಕ್ಷ ಬರುತ್ತದಂತೆ.
ಒಳಗೆ ಹೋಗಲು ಕಟ್ಟಬೇಕಾದ್ದು ಎಂಬತ್ತು.
"ಎರಡನೇ ವರ್ಷದಿಂದ ಲಾಭವೇ" ಎಂದರು
ಹಣಕಾಸು ಅಧಿಕಾರಿ, ಹೊಸಬರು, ಚಾ ಕುಡಿಯದವರು.
ಅಲ್ಲಿಯವರೆಗೆ?
ಅಲ್ಲಿಯವರೆಗೆ ಕ್ರೀಡಾ ಶುಲ್ಕ
ತಲೆಗೆ ಎರಡು ಸಾವಿರದ ನಾನೂರು.
ಕನ್ನಡ ಎಂ.ಎ.ಯ ಹುಡುಗಿಯೊಬ್ಬಳು ಕೌಂಟರಿನಲ್ಲಿ ಕೇಳಿದಳು,
"ನಾನು ಆಡುವುದೇ ಇಲ್ಲವಲ್ಲ ಮೇಡಂ?"
ನಾನೂ ಆಡುವುದಿಲ್ಲ ಮಗಾ.
ರಸೀದಿ ಹರಿದೆ.

ಗುಂಡೆಸೆತ ಟಿವಿಯಲ್ಲಿ ಚಂದ ಕಾಣುವುದಿಲ್ಲವಂತೆ.
ಸೋಮವಾರದಿಂದ ವಿನುತಾಳ ಎರಡು ಮೊಟ್ಟೆ ನಿಂತಿತು,
ಹಾಸ್ಟೆಲಿಗೆ ಆ ಪತ್ರ ಟೈಪು ಮಾಡಿದ್ದೂ ನಾನೇ.
ಝೀನತ್ ಪಂಪ್‌ವೆಲ್ಲಿನ ಹೋರ್ಡಿಂಗಿನಲ್ಲಿ ಓಡುತ್ತಿದ್ದಾಳೆ,
ಒಂದು ಕಾಲು ನೆಲಕ್ಕೆ ತಾಗಿಲ್ಲ,
ಪಕ್ಕದಲ್ಲಿ ಅವಳಷ್ಟೇ ಎತ್ತರದ ಪೈಪು.
ಮಾಸ್ಟ್ರು ಈಗ ಸಂಯೋಜಕರು, ಸಲಹೆಗಾರರ ಕೈಕೆಳಗೆ.
ವಿಸಿಲಿಗೆ ಅರ್ಜಿ ಕೊಟ್ಟಿಲ್ಲ.

ಉಳಿದದ್ದು ಈ ಫಲಕ.
ತೇಗದ ಹಲಗೆ, ಸುತ್ತ ಬೆಳ್ಳಿಬಣ್ಣದ ಸಣ್ಣ ತಗಡು:
ಮಂಗಳೂರು, ಉಡುಪಿ, ಉಡುಪಿ, ಮಂಗಳೂರು,
ಮಳೆಗೆ ಕೂಟ ನಿಂತ ವರ್ಷ ಒಂದು ಗೀರು.
ಕೆಳಗೆ ಏನೂ ಕೆತ್ತದ ಹನ್ನೊಂದು.
ಆಸ್ತಿ ಪುಸ್ತಕದಲ್ಲಿ ಸವಕಳಿ ಕಳೆದು
ಇದರ ಬೆಲೆ ಒಂದು ರೂಪಾಯಿ ಎಂದು ಬರೆಯಬೇಕಿತ್ತು.
ಬರೆದೆ.
ಆಗ ಉಡುಪಿಯಿಂದ ವಾರಿಜಾಕ್ಷ ಸುವರ್ಣರ ಫೋನು,
ಅಲ್ಲಿಯ ಕೌಂಟರಿನವರು:
"ಹೋದ ಸಲ ಗೆದ್ದದ್ದು ನಾವಲ್ಲವಾ ಬಾಯಿ,
ನಮ್ಮೂರಲ್ಲಿ ಮಠದ ಸಟ್ಟುಗ, ಕೀಲಿಕೈ
ಹೊತ್ತಿಗೆ ಸರಿಯಾಗಿ ಕೈ ದಾಟುತ್ತದೆ.
ಪರ್ಯಾಯ ಅಂತ ಹೆಸರಿಟ್ಟು
ನೀವೇ ಇಟ್ಟುಕೊಳ್ಳುವುದು ಎಂತದು?"

ಸಾಗಿಸಲು ಖರ್ಚಿನ ಬಾಬತ್ತಿಲ್ಲ.
'ಅಂತರ ಕಾಲೇಜು ಪ್ರಯಾಣ' ಏಪ್ರಿಲಿನಲ್ಲೇ ಮುಚ್ಚಿದೆ.
ಶನಿವಾರ ಮಧ್ಯಾಹ್ನ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ
ಎಕ್ಸ್‌ಪ್ರೆಸ್ಸಿನ ಎಡಬದಿ ಸೀಟಿನಲ್ಲಿ ಕೂತೆ.
ಮೂಲ್ಕಿ ದಾಟುವಾಗ ಕಂಡಕ್ಟರು ತಟ್ಟಿ ನೋಡಿದ,
"ಎಂತ ಇದು, ದೇವರ ಪಟವಾ?
ಲಗೇಜು ಆಗ್ತದೆ."
ಎಷ್ಟು ಎಂದೆ.
"ಒಳಗೆ ಎಂತ ಉಂಟು ಹೇಳಿ, ಆಮೇಲೆ ರೇಟು."
ಹೊರಗೆ ಶಾಂಭವಿ ಹೊಳೆ, ಸಂಕದ ಕಬ್ಬಿಣ,
ತೊಡೆಯ ಮೇಲೆ ಒಂದು ರೂಪಾಯಿಯ ಭಾರಕ್ಕೆ
ಕಾಲು ಜೋಮು ಹಿಡಿಯುತ್ತಿತ್ತು.