ಪಟ್ಟಿಯ ಉದ್ದ

ಬೋಪ್‌ಸಂಗ್‌ಪೋ ಬಂದರಿನ ಗ್ರಂಥಾಲಯ, ಎರಡನೇ ಮಹಡಿ,
ಮಂಗಳವಾರ ಸಂಜೆ. ಹನ್ನೊಂದು ಮಕ್ಕಳು, ಐವರು ಅಜ್ಜಿಯರು,
ಹೆಂಡತಿ ಅಟ್ಟಿದಳೆಂದು ಬಂದ ಒಬ್ಬ ದೋಣಿ ಮೆಕ್ಯಾನಿಕ್.
ಕಿಟಕಿ ಮುಚ್ಚಿದರೂ ಒಣಮೀನಿನ ವಾಸನೆ
ಕೀಲಿಮಣೆಯ ಸಂದಿಗಳಿಗೆ ಇಳಿದುಬಿಟ್ಟಿದೆ.

ಲೂಪ್ ಕಲಿಸುವುದು ಸುಲಭವಾಯಿತು.
ಸುನ್‌ನಾಮ್ ಅಜ್ಜಿ ನಲವತ್ತು ವರ್ಷ
ಹುಲ್ಲಿನ ಹುರಿಯಲ್ಲಿ ಮೀನು ಕಟ್ಟಿದವಳು,
ಈ ಕಡೆ ಹತ್ತು, ಆ ಕಡೆ ಹತ್ತು, ಇಪ್ಪತ್ತಕ್ಕೊಂದು ಗಂಟು.
"ಇಷ್ಟೇನಾ?" ಅಂದಳು. "ಕೈಗೆ ಗೊತ್ತಿರೋದನ್ನ ಹೇಳಿಕೊಡೋಕೆ
ನಿನಗೆ ಸಂಬಳ ಬೇರೆ!"

ಸಿಕ್ಕಿಬಿದ್ದದ್ದು ಪಟ್ಟಿಯ ಪಾಠದಲ್ಲಿ.
ಪಟ್ಟಿಯೆಂದರೆ ಸಾಲುಮನೆ ಎಂದೆ,
ಮೊದಲ ಮನೆಯ ನಂಬರು ಸೊನ್ನೆ.
ಮೆಕ್ಯಾನಿಕ್ ನಕ್ಕ. ಅಜ್ಜಿ ನಗಲಿಲ್ಲ.
"ಮೊದಲ ಮೀನು ಸೊನ್ನೆಯಾದರೆ
ನಾನು ಮಾರಿದ್ದೇನು, ಗಾಳಿಯಾ?"

ಪಕ್ಕದ ರಾಓನ್, ಮೂರನೇ ತರಗತಿ, ಚೀಲದಿಂದ ಸ್ಕೇಲು ಹಿರಿದ:
"ನೋಡಜ್ಜಿ, ಇದೂ ಸೊನ್ನೆಯಿಂದಲೇ.
ನಂಬರು ಅಂದರೆ ಎಷ್ಟನೆಯದು ಅಂತಲ್ಲ,
ಬಾಗಿಲಿಂದ ಎಷ್ಟು ಹೆಜ್ಜೆ ಅಂತ."
ಮೂರು ವಾರ ನನ್ನ ನಾಲಿಗೆಗೆ ಎಟುಕದ ಮಾತು
ಹಲ್ಲು ಬಿದ್ದ ಆ ಬಾಯಿಗೆ ಎಟುಕಿತ್ತು.

ಅಜ್ಜಿ ಸ್ಕೇಲನ್ನೇ ನೋಡುತ್ತ ಕೂತಳು.
ನಮ್ಮ ಹಳೇ ಲೆಕ್ಕದಲ್ಲಿ
ಕೂಸು ಹುಟ್ಟಿದೊಡನೆ ಅದಕ್ಕೆ ವಯಸ್ಸು ಒಂದು;
ಈಗಿನ ಕಾಯಿದೆ ಸೊನ್ನೆ ಅನ್ನುತ್ತದೆ.
"ಹತ್ತೊಂಬತ್ತೇ ದಿನ ಇದ್ದರೆ?" ಕೇಳಿದಳು.
"ಸೊನ್ನೆ," ಅಂದ ರಾಓನ್, ತಡಮಾಡದೆ.

ನಿಮ್ಮವರ ಹೆಸರಿನದೊಂದು ಪಟ್ಟಿ ಮಾಡಿ, ಎಂದೆ.
ಒಂದೇ ಬೆರಳಲ್ಲಿ ಒತ್ತುತ್ತ ಹೋದಳು, ಮಕ್ಕಳ ಹೆಸರು.
ಮೂವರೆಂದು ಊರಿಗೆಲ್ಲ ಗೊತ್ತು:
ಒಬ್ಬ ಇಂಚೋನ್‌ನಲ್ಲಿ ಕ್ರೇನ್ ಓಡಿಸುತ್ತಾನೆ, ಒಬ್ಬಳು ಹೊಲಿಯುತ್ತಾಳೆ,
ಕಿರಿಯವ ಇಲ್ಲೇ ಐಸ್ ಕಾರ್ಖಾನೆಯಲ್ಲಿ.
ಕೊನೆಯ ಮನೆಯ ನಂಬರು ಕೇಳಿದರೆ ಪರದೆ 'ಮೂರು' ಅಂದಿತು.
ಸರಿ ಎಂದು ಮುಂದಿನ ಮೇಜಿಗೆ ಹೊರಟಿದ್ದೆ.

ಅಲ್ಲ. ಮೂವರಿಗೆ ಎರಡು ಬರಬೇಕು.
ತಪ್ಪು ಹುಡುಕುವ ಚಟ; ಬಗ್ಗಿ ನೋಡಿದೆ.
ಸೊನ್ನೆಯ ಮನೆಯಲ್ಲಿ ಒಂದು ಹೆಸರಿತ್ತು,
ಯಾವ ಕಚೇರಿಯ ಕಡತಕ್ಕೂ ಹೋಗದ ಹೆಸರು,
ಎರಡೇ ಅಕ್ಷರ.

"ಒಟ್ಟು ಎಷ್ಟು ಅಂತ ಕೇಳೋದು ಹೇಗೆ?"
ಉದ್ದ ಕೇಳುವ ಆಜ್ಞೆ ತೋರಿಸಿದೆ. ಒತ್ತಿದಳು.
ನಾಲ್ಕು.
ಮತ್ತೆ ಒತ್ತಿದಳು. ನಾಲ್ಕು.

"ಎಷ್ಟು ಸಲ ಕೇಳಿದರೂ ಅಷ್ಟೇ ಅಜ್ಜಿ," ಅಂದ ರಾಓನ್.
"ಗೊತ್ತು ಬಿಡೋ," ಅಂದಳು,
ಮತ್ತೆ ಒತ್ತಿದಳು.