ಹಾಜರಿ

ಬೆಳಗ್ಗೆ ಎಂಟೂ ಹತ್ತಕ್ಕೆ ಹೆಬ್ಬೆರಳು ಒತ್ತಿದರೆ
ಯಂತ್ರ ಹೇಳಿತು:
ಗುರುತು ಸಿಗಲಿಲ್ಲ, ಮತ್ತೊಮ್ಮೆ ಪ್ರಯತ್ನಿಸಿ.
ಕೋಟಿಗೆ ಒರೆಸಿ ಒತ್ತಿದೆ. ತೋರುಬೆರಳು. ಎಡಗೈ.
ಗುರುತು ಸಿಗಲಿಲ್ಲ.

"ಗೆರೆಗಳನ್ನೆಲ್ಲ ಸ್ಯಾನಿಟೈಸರ್ ತಿಂದಿದೆ ಸಿಸ್ಟರ್,"
ಗುಮಾಸ್ತ ಪಾರ್ಥಪ್ಪ ನಕ್ಕರು,
"ರಾತ್ರಿ ನೀವು ಬಂದೇ ಇಲ್ಲ ಅಂತಿದೆ ಇದು."

ಬಂದಿದ್ದೆ.
ನಲವತ್ತು ಮಂಚಕ್ಕೆ, ಮಂಚಗಳ ನಡುವೆ
ಚಾಪೆ ಹಾಸಿಕೊಂಡ ಹನ್ನೊಂದು ಜನಕ್ಕೆ
ಒಬ್ಬಳೇ ಬಂದಿದ್ದೆ.
ಜೊತೆಯ ಶಾರೂಬಾಯಿ ಹೆರಿಗೆ ವಾರ್ಡಿಗೆ ಎರವಲು ಹೋಗಿ
ಮೂರು ವಾರ; ಪಕ್ಕದ ಮನೆಗೆ ಕೊಟ್ಟ
ಸಕ್ಕರೆ ಬಟ್ಟಲಿನ ಹಾಗೆ, ವಾಪಸ್ಸಿಲ್ಲ.

ಆಕ್ಸಿಜನ್ ಸಿಲಿಂಡರು ನಾನೇ ಉರುಳಿಸಿದೆ.
ವಾರ್ಡ್‌ಬಾಯ್ ಹುದ್ದೆ ಇದೆ, ಮನುಷ್ಯ ಇಲ್ಲ.
ಕೈಗವಸು ಮುಗಿದಿತ್ತು, ಸ್ಟೋರಿನ ಬೀಗದಕೈ ಸ್ಟೋರಿನವರ ಮನೆಯಲ್ಲಿ.
ಡೆಂಗ್ಯೂ ಹುಡುಗನ ಚಿಕ್ಕಪ್ಪ ಮೇಜು ಗುದ್ದಿ ಕೇಳಿದ,
ಡಾಕ್ಟರನ್ನಲ್ಲ, ನನ್ನನ್ನು,
ಸಂಬಳ ಯಾತಕ್ಕೆ ತಗೋತೀಯ ಅಂತ.
ಗುತ್ತಿಗೆ ಅಣ್ಣಾ, ಮೂರು ತಿಂಗಳಿಂದ ತಗೊಂಡಿಲ್ಲ.
ಮಾತು ಮಾಸ್ಕಿನೊಳಗೇ ಬೆವರಿತು.

ಮೂರಕ್ಕೆ ಟೊಮೆಟೊ ಲಾರಿಗಳು ಕೋಲಾರದ ಮಂಡಿಗೆ ತಿರುಗುವ ಸದ್ದು.
ಆಗ ನೆನಪಾಗುತ್ತದೆ,
ಸಂಜೆ ಏಳರಿಂದ ಒಂದಕ್ಕೆ ಹೋಗಿಲ್ಲ.
ನೀರು ಕುಡಿಯದಿದ್ದರೆ ಹೋಗಬೇಕಾಗಿಯೂ ಇಲ್ಲ.
ನರ್ಸಿಂಗ್ ಶಾಲೆಯಲ್ಲಿ ಇದನ್ನು ಕಲಿಸಿರಲಿಲ್ಲ.

ನಾಲ್ಕಾಗಿರಬೇಕು. ಇಪ್ಪತ್ತಾರನೇ ಮಂಚದ ಅಜ್ಜಿ,
ಶ್ರೀನಿವಾಸಪುರದ ಕಡೆಯವಳು,
ಮೂರು ದಿನದಿಂದ ನನ್ನನ್ನು ಸುಗುಣಾ ಅನ್ನುವವಳು
(ಸುಗುಣ ಯಾರೆಂದು ಕೇಳುವಷ್ಟು ಪುರುಸೊತ್ತು ಯಾರಿಗಿತ್ತು)
ಕೈ ಹಿಡಿದು, "ಕೂಸೋ ಸುಗುಣಾ" ಅಂದಳು.
ಕೂತ್ಕೋ ಅಂತ.
ರಾತ್ರಿಯಿಡೀ ನನಗೆ ಆ ಮಾತು ಹೇಳಿದ್ದು ಅವಳೊಬ್ಬಳೇ.
ವಸ್ತಾನವ್ವಾ ಅಂದು ಕೈ ಬಿಡಿಸಿಕೊಂಡೆ,
ಮೂವತ್ತೊಂದರ ಡ್ರಿಪ್ ಮುಗಿಯುತ್ತಿತ್ತು.

ತಿರುಗಿ ಬಂದಾಗ ಅಜ್ಜಿ ಇರಲಿಲ್ಲ, ಮಂಚದ ಮೇಲೆಯೇ ಇದ್ದರೂ.
ನಾನು ಮೊದಲು ನೋಡಿದ್ದು ಗಡಿಯಾರ.
ಮುಖ ಆಮೇಲೆ.
ಮನಸ್ಸಿಗೆ ಬಂದದ್ದು, ಹೇಳಿಯೇ ಬಿಡುತ್ತೇನೆ:
ಚಾಪೆಯವರಲ್ಲಿ ಒಬ್ಬರನ್ನು ಮೇಲೆ ಹಾಕಬಹುದು.

ಮೊದಲ ವರ್ಷ ಔಷಧಿ ಕೋಣೆಯ ಬಾಗಿಲ ಹಿಂದೆ
ದುಪಟ್ಟಾ ಕಚ್ಚಿಕೊಂಡು ಅಳುತ್ತಿದ್ದೆ.
ಆ ಅಳು ಎಲ್ಲಿ ಹೋಯಿತೆಂದು ಹುಡುಕುವುದಕ್ಕೂ
ಈಗ ರಜೆ ಬರೆಯಬೇಕು.

ನಮ್ಮ ತಾತ ಅರುಳಪ್ಪ ಚಿನ್ನದ ಗಣಿಯಲ್ಲಿದ್ದವರು.
ಇಳಿಯುವಾಗ ಹಿತ್ತಾಳೆ ಬಿಲ್ಲೆ ಜೇಬಿಗೆ,
ಹತ್ತಿ ಬಂದಮೇಲೆ ಮೊಳೆಗೆ.
ಒಂದು ಮೊಳೆ ಖಾಲಿ ಉಳಿದರೂ ಮೇಲಿದ್ದವರು ಎದ್ದು ನಿಲ್ಲುತ್ತಿದ್ದರಂತೆ,
ಕೆಳಗೆ ಹೆಸರು ಹಿಡಿದು ಕೂಗುತ್ತಿದ್ದರಂತೆ.
ಅದೇನು ಸುಖದ ಕೆಲಸವಲ್ಲ.
ತಾತನ ಎದೆಯಲ್ಲಿ ಕಲ್ಲುಪುಡಿ ಸಾಯುವ ತನಕ ಸೀಟಿ ಹೊಡೆಯಿತು.
ಆದರೂ ಯಾರು ಇನ್ನೂ ಕತ್ತಲಲ್ಲಿದ್ದಾರೆಂದು
ಗೋಡೆಗೆ ಗೊತ್ತಿತ್ತು.

ಪಾರ್ಥಪ್ಪ ರಿಜಿಸ್ಟರ್ ತಳ್ಳಿದರು. ಬರೆದೆ:
ಅಮಲೋರ್ಪವಮೇರಿ.
ಸಂಬಳದ ಚೀಟಿಯಲ್ಲಿ ಜಾಗ ಸಾಲದೆ ಅದು ಅಮಲೋರ್ಪ,
ವಾರ್ಡಿನಲ್ಲಿ ಅದೂ ಇಲ್ಲ.
ಬಂದ ವೇಳೆ, ಬರೆದೆ.
ಹೋದ ವೇಳೆ—

"ಸಿಸ್ಟರ್! ಬೆಳಗಿನವರು ಇನ್ನೂ ಬಂದಿಲ್ಲ, ಒಂದ್ನಿಮಿಷ!"

ಅಂತರಗಂಗೆ ಬೆಟ್ಟಕ್ಕೆ ಬಿಸಿಲು ಬಿದ್ದಿತ್ತು.
ಬಂಗಾರಪೇಟೆ ಬಸ್ಸು ಗೇಟಿನ ಹೊರಗೆ ಹಾರನ್ ಹೊಡೆದು ಹೊರಟಿತು.
ಆ ಖಾನೆ ಹಾಗೇ ಬಿಟ್ಟು
ಪಾರ್ಥಪ್ಪನವರ ಸ್ಟೂಲು ಎಳೆದುಕೊಂಡೆ.

ಎರಡನೇ ಸಲ ಕೂಗಿದರು.
ಕೂತೇ ಇದ್ದೆ.