ಇಪ್ಪತ್ತೆರಡನೇ ನಿಮಿಷ

ಗೋರೆಗಾಂವ್ ಪೂರ್ವ, ಸ್ಟೇಷನ್ನಿನಿಂದ ಏಳು ನಿಮಿಷ.
ನಮ್ಮ ಹೋಟೆಲಿನಲ್ಲಿ ಗಲ್ಲಾದೆದುರಿನ ಎರಡನೇ ಮೇಜು ಅವರದು.
ಶ್ರೀರಂಗ ಕಾರ್ಖಾನೀಸ ಎಂದರೆ ಯಾರಿಗೂ ತಿಳಿಯದು.
ಡಿಟೆಕ್ಟಿವ್ ಹಂಬೀರ್ ಎನ್ನಿ, ನಲವತ್ತು ದಾಟಿದವರು
ಇಡ್ಲಿ ಕೈಯಲ್ಲೇ ಹಿಡಿದು ಹಿಂದಿರುಗಿ ನೋಡುತ್ತಾರೆ.

ಆ ಕಾಲದಲ್ಲಿ, ಮಂಗಳವಾರ ರಾತ್ರಿ ಒಂಬತ್ತಕ್ಕೆ
ಲೋಕಲ್ ಗಾಡಿ ಖಾಲಿ ಓಡುತ್ತಿತ್ತು ಎನ್ನುತ್ತಾರೆ.
ಎನ್ನುವವರು ಅವರೇ.
ಇಪ್ಪತ್ತೆರಡನೇ ನಿಮಿಷಕ್ಕೆ ಸರಿಯಾಗಿ
ಕಳ್ಳ ಬೆವರುತ್ತಿದ್ದ. ಆಮೇಲೆ ಸೋಪಿನ ಜಾಹೀರಾತು.

ದನಿ ಮಾತ್ರ ಅವರದಲ್ಲ, ಬೇರೆ ಯಾರೋ ಡಬ್ ಮಾಡಿದ್ದು.
ಠಾಣೆಯಲ್ಲಿ ಹವಾಲ್ದಾರ ಕುರ್ಚಿ ಕೊಟ್ಟು, ಚಹಾ ತರಿಸಿ
"ಆ ಡೈಲಾಗ್ ಒಂದು ಸಲ, ಸಾಹೇಬ್ರೆ" ಎಂದನಂತೆ.
ಹೇಳಿದರು. ಬಾಯಿ ತೆರೆದರೆ ಪೀಪಿಯಂಥ ಸ್ವರ.
ಹವಾಲ್ದಾರ ಗುರುತಿನ ಚೀಟಿ ಕೇಳಿದ.

ಕೋಟು ಇನ್ನೂ ಇದೆ, ಮೇ ತಿಂಗಳ ಸೆಕೆಗೂ.
ಅದರ ಜೇಬಿನಲ್ಲಿ ಭೂತಗನ್ನಡಿ.
ಒಮ್ಮೆ ಬಿಲ್ಲಿನ ಮೇಲೆ ಹಿಡಿದು ನೋಡಿದೆ,
ಅಕ್ಷರ ಇದ್ದಷ್ಟೇ ಇತ್ತು.
ಶೂಟಿಂಗಿನ ಸಾಮಾನು, ಬರೀ ಚಪ್ಪಟೆ ಗಾಜು.
ಕನ್ನಡಿಯಷ್ಟೇ ಅಲ್ಲಿ; ಭೂತ ಅವರೇ.

ಸಿಂತಿಯಾ ಬಾಯಿಯ ಗಿಳಿ ಕದ್ದವನು ಕೇಬಲ್ ಹುಡುಗ ಎಂದರು.
ನಾಲ್ಕು ದಿನ ಬಿಟ್ಟು ಗಿಳಿ ತಾನೇ ಬಂತು,
ಹೊಸದೊಂದು ಬೈಗುಳ ಕಲಿತು.
ಸೊಸೈಟಿಯ ನೀರಿನ ಮೋಟಾರು ಕದ್ದವನು
ವಾಚ್‌ಮನ್ ರಾಮಸಮುಝ್ ಎಂದರು.
ಸಂಜೆಯೊಳಗೆ ಅವನ ಕೆಲಸ ಹೋಯಿತು.
ಮೋಟಾರು ರಿಪೇರಿಗೆ ಕಳಿಸಿದ್ದನ್ನು ಸೆಕ್ರೆಟರಿಯೇ ಮರೆತಿದ್ದ.
ಎರಡು ವಾರ ಹಂಬೀರ್ ಈ ಕಡೆ ಸುಳಿಯಲಿಲ್ಲ.
ಬಂದಾಗ ಮೆಲ್ಲಗೆ ಕೇಳಿದರು,
ಜೌನಪುರಕ್ಕೆ ದುಡ್ಡು ಕಳಿಸುವುದು ಹೇಗೆ?
ಕೈಯಲ್ಲಿ ಮುನ್ನೂರು ರೂಪಾಯಿ.

ಇನ್ನು ನನ್ನದು.
ಚೌತಿಯ ಹಿಂದಿನ ಶನಿವಾರ ಗಲ್ಲಾದಿಂದ
ಹನ್ನೊಂದು ಸಾವಿರದ ನಾನೂರು ಹೋಯಿತು.
ಹೋಯಿತು ಎನ್ನುತ್ತೇನೆ ನೋಡಿ,
ತಾನೇ ಚಪ್ಪಲಿ ಮೆಟ್ಟಿ ನಡೆದುಹೋದ ಹಾಗೆ!
ತೆಗೆದವನು ನಾನು.
ಯಾಕೆಂದು ಹೇಳಿದರೆ ಅದೊಂದು ಕಥೆಯಾಗಿ
ನೀವು ಕ್ಷಮಿಸಿಬಿಡುತ್ತೀರಿ. ಬೇಡ.

ಮಾಲಕರ ಕಣ್ಣು ಬಿದ್ದದ್ದು ಪಾತ್ರೆ ತೊಳೆಯುವ ಕಾನ್ಹು ಮೇಲೆ.
ಒಡಿಶಾದವನು, ನಮ್ಮ ಮಾತು ಬಾರದೆ
ಸಾಬೂನಿನ ಕೈಯಲ್ಲೇ ನಿಂತಿದ್ದ.

ಹಂಬೀರ್ ಎದ್ದರು. ಶಟರ್ ಅರ್ಧ ಎಳೆಸಿದರು.
ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು, ಸಾಂಬಾರಿನ ಭಟ್ಟರನ್ನೂ.
ಆ ಗಾಜು ಹಿಡಿದು ಒಬ್ಬೊಬ್ಬರ ಉಗುರು ನೋಡುತ್ತ ಬಂದು
ನನ್ನೆದುರು ನಿಂತರು.
ಗೋಡೆ ಗಡಿಯಾರವನ್ನು ನಾನು ನೋಡಲಿಲ್ಲ, ಕೇಳಿದೆ.
ಕುತ್ತಿಗೆಯ ಹಿಂದೆ ಒಂದು ಹನಿ ಇಳಿಯಿತು.

ಆಮೇಲೆ ಅವರು ಬಗ್ಗಿ
ಗಲ್ಲಾದಡಿಯ ಸಂದಿಗೆ ಮೊಳಕೈವರೆಗೆ ಕೈ ಹಾಕಿ
ಅಂಚು ಕಡಿದ ಹತ್ತರ ನೋಟೊಂದನ್ನು ಹೊರಗೆಳೆದು
ಪೀಪಿ ಸ್ವರದಲ್ಲಿ ಸಾರಿದರು:
"ಇಲಿ."

ಮಾಲಕರ ಹೊಟ್ಟೆ ಕುಣಿಯಿತು.
"ಬೆಟ್ಟ ಅಗೆದು ಇಲಿ ಹಿಡಿದ್ರಲ್ಲ ಮಾರಾಯ್ರೆ!"
ಕಾನ್ಹು ನಲ್ಲಿಯ ಕಡೆ ಓಡಿದ. ಮಾರನೇ ದಿನ ಇಲಿಬೋನು ಬಂತು.

ಅವರಿಗೆ ಗೊತ್ತಿತ್ತೋ, ಎಂದಿನಂತೆ ತಪ್ಪಿದರೋ,
ನನಗಿನ್ನೂ ಬಗೆಹರಿದಿಲ್ಲ.
ಆ ನೋಟನ್ನು ಬೆಳಕಿಗೆ ಹಿಡಿದು ನೋಡಿದೆ.
ಹಲ್ಲಿನ ಗುರುತು ಇಲಿಗೆ ತುಸು ದೊಡ್ಡದೆನಿಸಿತು.
ಇರಬಹುದು. ಮುಂಬಯಿಯ ಇಲಿ.

ಈಗ ಏಳು ತಿಂಗಳಿಂದ ಇಲಿ
ಐನೂರರಂತೆ ತಿರುಗಿ ತಂದು ಹಾಕುತ್ತಿದೆ.
ಲೆಕ್ಕ ಕಡಿಮೆ ಬಂದರೆ ಬೈಗುಳ ಸಾಕು;
ಹೆಚ್ಚು ಬಂದರೆ ಮಾಲಕರಿಗೆ ನಿದ್ದೆ ಬಾರದು.
ಮತ್ತೆ ಹಂಬೀರರನ್ನೇ ಹಿಡಿದಿದ್ದಾರೆ.

ಇಗೋ, ಎರಡನೇ ಮೇಜಿನಲ್ಲಿ ಕೂತಿದ್ದಾರೆ,
ಕೋಟಿನ ಗುಂಡಿ ಮೇಲಿನವರೆಗೆ ಹಾಕಿ.
ಗಾಜಿನಾಚೆ ಅವರ ಕಣ್ಣು, ಇದ್ದಷ್ಟೇ ದೊಡ್ಡದು.
"ಇದು ಉದ್ದದ ಕೇಸು" ಎಂದರು, "ಇನ್ನೊಂದು ಕಾಫಿ ಬರೆದುಕೋ."
ಬರೆದುಕೊಂಡೆ.